ನಂಬಿದವರ ನಗೆ

ಭಕ್ತಿಯೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಮುಚ್ಚಿದ ಕಣ್ಣು, ಮುಗಿದ ಕೈ, ಬಿಗಿದ ಮುಖ. ದೇವರ ಮನೆಯಲ್ಲಿ ಮಕ್ಕಳು ಕಿಸಕ್ಕನೆ ನಕ್ಕರೆ ಹಿರಿಯರು ಗದರುತ್ತಾರೆ. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಯಾರದೋ ಜೇಬಿನ ಮೊಬೈಲು ಸಿನಿಮಾ ಹಾಡೊಂದನ್ನು ಹಾಡತೊಡಗಿದರೆ, ಒಳಗಿನಿಂದ ಉಕ್ಕಿಬರುವ ನಗುವನ್ನು ನಾವು ಕೆಮ್ಮಿನ ಮರೆಯಲ್ಲಿ ಬಚ್ಚಿಡುತ್ತೇವೆ. ನಗುವು ಶ್ರದ್ಧೆಗೆ ಒಗ್ಗದ ಅತಿಥಿ, ಅದು ಮುಂಬಾಗಿಲಿನಿಂದ ಬಂದರೆ ಭಕ್ತಿ ಹಿತ್ತಿಲ ಬಾಗಿಲಿನಿಂದ ಹೊರಟುಹೋಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಬಹುಕಾಲದಿಂದ ಮನೆಮಾಡಿದೆ. ಈ ಅಂಜಿಕೆಗೆ ಆಧಾರವುಂಟೇ, ದಿನನಿತ್ಯದ ಬದುಕಿನಲ್ಲಿ ನಗುವಿಗೂ ದೇವರಲ್ಲಿಡುವ ನಂಬುಗೆಗೂ ನಿಜವಾಗಿ ಇರುವ ಸಂಬಂಧವೇನು ಎಂಬುದನ್ನು ಇಂದು ಸ್ವಲ್ಪ ವಿಚಾರಮಾಡಿ ನೋಡೋಣ.

ದೊಡ್ಡ ಗ್ರಂಥಗಳನ್ನು ತೆರೆಯುವ ಮೊದಲು ನಮ್ಮ ಮನೆಮಾತನ್ನೇ ಕೇಳಬಹುದು. "ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?" ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಅರ್ಥವನ್ನು ವಿವರಿಸುವವರು ಇದನ್ನು ನಂಬುಗೆಯ ಮಾತೆನ್ನುತ್ತಾರೆ; ಅದು ಸರಿಯೇ. ಆದರೆ ಇದು ಮೊದಲು ಒಂದು ವಿನೋದದ ಮಾತು ಎಂಬುದನ್ನು ನಾವು ಮರೆತುಬಿಡುತ್ತೇವೆ. ಗಾದೆಯನ್ನು ಕಟ್ಟಿದವನ ಕಣ್ಣ ಮುಂದೆ ಒಂದು ಚಿತ್ರವಿದೆ: ದೇವರು ದನಗಾಹಿಯ ಕೋಲು ಹಿಡಿದು ನಿಂತಿದ್ದಾನೆ, ನಾವೆಲ್ಲ ನಾಲ್ಕು ಕಾಲಿನಲ್ಲಿ ಬಯಲಿನ ಹುಲ್ಲು ಮೇಯುತ್ತಿದ್ದೇವೆ. ಈ ಚಿತ್ರಕ್ಕೆ ನಗು ಬರುತ್ತದೆ. ನಗುತ್ತಿರುವಾಗಲೇ "ಅಷ್ಟಕ್ಕೆ ಬಿಡಲಾರ" ಎಂಬ ಧೈರ್ಯವೂ ಬರುತ್ತದೆ. ಹೊಟ್ಟೆ ತುಂಬಿದವನು ಈ ಮಾತನ್ನು ಆಡುವುದು ಅಪರೂಪ. ಅಕ್ಕಿಯ ಡಬ್ಬದ ತಳ ಕಾಣುತ್ತಿರುವಾಗ, ತಿಂಗಳ ಕೊನೆಗೆ ಇನ್ನೂ ಎಂಟು ದಿನ ಉಳಿದಿರುವಾಗ, ಮನೆಯ ಹಿರಿಯಳೊಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆಡುವ ಮಾತಿದು. ಅವಳ ಬಳಿ ನಾಳೆಯ ಊಟಕ್ಕೆ ಪ್ರಮಾಣಪತ್ರವಿಲ್ಲ. ಅದಕ್ಕೇ ಗಾದೆಯು ನಿಶ್ಚಯವಾಕ್ಯವಾಗದೆ ಪ್ರಶ್ನೆಯಾಗಿದೆ. ಉತ್ತರ ಬರುವ ತನಕದ ಕಾಲವನ್ನು ದಾಟಿಸುವುದು ಆ ಪ್ರಶ್ನೆಯಲ್ಲಿ ಅಡಗಿರುವ ಸಣ್ಣ ನಗು.

ನಾವು ಯಾರೊಡನೆ ಹಾಸ್ಯಮಾಡುತ್ತೇವೆ ಎಂಬುದನ್ನು ಗಮನಿಸಿದರೆ ಈ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆ ಅತ್ತೆಯ ಮನೆಯಲ್ಲಿ ಮೊದಲ ಕೆಲವು ತಿಂಗಳು ತಲೆಯೆತ್ತಿ ಮಾತನಾಡಳು. ಮಾತಿನಲ್ಲಿ ಗೌರವವುಂಟು, ವಿಧೇಯತೆಯುಂಟು, ನಗೆಚಾಟಿಕೆಯಿಲ್ಲ. ಅದೇ ಹುಡುಗಿ ಗೌರಿಹಬ್ಬಕ್ಕೆ ತವರಿಗೆ ಬಂದಳೆಂದರೆ ತಂದೆಯ ಬೊಕ್ಕತಲೆಯನ್ನೂ ತಾಯಿಯ ಜಿಪುಣತನವನ್ನೂ ಆಡಿಕೊಂಡು ನಕ್ಕು ಮನೆಯನ್ನೆಲ್ಲ ತುಂಬುತ್ತಾಳೆ. ಹಾಗೆಂದರೆ ತಂದೆತಾಯಿಗಳಲ್ಲಿ ಅವಳಿಗೆ ಗೌರವ ಕಡಿಮೆಯೆಂದೇ? ಎಷ್ಟು ಹಾಸ್ಯಮಾಡಿದರೂ ಈ ಮನೆಯ ಬಾಗಿಲು ತನಗೆ ಮುಚ್ಚುವುದಿಲ್ಲವೆಂಬ ಭರವಸೆ ಅವಳಿಗಿದೆ, ಅಷ್ಟೆ. ಎಲ್ಲಿ ಸಂಬಂಧ ಮುರಿಯುವ ಭಯವಿದೆಯೋ ಅಲ್ಲಿ ನಾವು ಮಾತನ್ನು ಅಳೆದು ತೂಗುತ್ತೇವೆ. ಎಲ್ಲಿ ಆ ಭಯವಿಲ್ಲವೋ ಅಲ್ಲಿ ನಾಲಿಗೆ ಸಡಿಲಾಗುತ್ತದೆ. ದೇವರನ್ನು ಕೆಲವರು ಅತ್ತೆಯ ಮನೆಯಂತೆ ಕಾಣುತ್ತಾರೆ, ಕೆಲವರು ತವರಿನಂತೆ ಕಾಣುತ್ತಾರೆ. ನಮ್ಮ ನಾಡಿನ ದೊಡ್ಡ ಭಕ್ತರಲ್ಲಿ ಹಲವರು ಈ ಎರಡನೆಯ ಪಂಗಡಕ್ಕೆ ಸೇರಿದವರೆಂಬುದು ನಮ್ಮ ಸಾಹಿತ್ಯದ ಭಾಗ್ಯ.

ನಮ್ಮ ಪ್ರಾಚೀನ ಲಾಕ್ಷಣಿಕರೂ ಹಾಸ್ಯವನ್ನು ದೇವರಿಂದ ದೂರವಿಟ್ಟವರಲ್ಲ. ಭರತಮುನಿಯ ನಾಟ್ಯಶಾಸ್ತ್ರ ಹಾಸ್ಯರಸಕ್ಕೆ ಬಿಳಿಯ ಬಣ್ಣವನ್ನು ಹೇಳಿ, ಶಿವನ ಗಣಗಳಾದ ಪ್ರಮಥರನ್ನು ಅದಕ್ಕೆ ಅಧಿದೇವತೆಗಳೆಂದು ಗುರುತಿಸಿದೆ. ತುಟಿಯಂಚಿನ ಸ್ಮಿತದಿಂದ ಹಿಡಿದು ಮೈಮರೆತು ನಗುವ ಅತಿಹಸಿತದವರೆಗೆ ನಗುವಿನ ಆರು ಬಗೆಗಳನ್ನು ಅದು ಎಣಿಸುತ್ತದೆ. 16ನೆಯ ಶತಮಾನದಲ್ಲಿ ರೂಪಗೋಸ್ವಾಮಿಗಳು ತಮ್ಮ 'ಭಕ್ತಿರಸಾಮೃತಸಿಂಧು'ವಿನಲ್ಲಿ ಭಕ್ತಿಯ ಗೌಣರಸಗಳನ್ನು ವಿಂಗಡಿಸುವಾಗ ಹಾಸ್ಯಕ್ಕೂ ಒಂದು ಸ್ಥಾನವನ್ನು ಕೊಟ್ಟರು. ನಿಂದೆಯ ವೇಷದಲ್ಲಿ ಸ್ತುತಿಮಾಡುವುದನ್ನು ಆಲಂಕಾರಿಕರು ವ್ಯಾಜಸ್ತುತಿಯೆಂದರು. ನಮ್ಮ ಹರಿದಾಸರಲ್ಲಿ ಈ ಅಲಂಕಾರ ಕೇವಲ ಅಲಂಕಾರವಾಗಿ ಉಳಿಯದೆ, ನಿಂದಾಸ್ತುತಿಯೆಂಬ ಹೆಸರಿನಲ್ಲಿ ಒಂದು ಭಜನೆಯ ಮಾರ್ಗವೇ ಆಯಿತು.

ಪುರಂದರದಾಸರ ವಿಷಯವನ್ನೇ ನೋಡಿ. ಸಂಪ್ರದಾಯದ ಪ್ರಕಾರ 1564ರಲ್ಲಿ ಕಾಲವಾದ ಈ ಮಹಾನುಭಾವರು ಪೂರ್ವಾಶ್ರಮದಲ್ಲಿ ಶ್ರೀನಿವಾಸನಾಯಕರೆಂಬ ಲೇವಾದೇವಿಯ ಸಾಹುಕಾರರು. ಅವರನ್ನು ದೇವರು ತನ್ನ ಕಡೆಗೆ ಎಳೆದುಕೊಂಡ ಬಗೆಯನ್ನು ಹೇಳುವ ಮೂಗುತಿಯ ಕಥೆ ನಿಮಗೆಲ್ಲ ತಿಳಿದದ್ದೇ. ಬಡಬ್ರಾಹ್ಮಣನ ವೇಷದಲ್ಲಿ ಬಂದ ಸ್ವಾಮಿ ನಾಯಕರ ಹೆಂಡತಿಯಿಂದ ದಾನವಾಗಿ ಪಡೆದ ಮೂಗುತಿಯನ್ನು ತಂದು ನಾಯಕರ ಅಂಗಡಿಯಲ್ಲೇ ಒತ್ತೆಯಿಡಲು ಕೂಡುತ್ತಾನೆ. ಸಾಹುಕಾರನನ್ನು ಅವನದೇ ಅಂಗಡಿಯಲ್ಲಿ, ಅವನದೇ ಮನೆಯ ಒಡವೆಯಿಂದ ಸೋಲಿಸುವ ಈ ಉಪಾಯದಲ್ಲಿ ಇರುವ ವಿನೋದವನ್ನು ಗಮನಿಸಬೇಕು. ಇಲ್ಲಿ ದೇವರು ಗುಡುಗು ಸಿಡಿಲುಗಳೊಡನೆ ಬರಲಿಲ್ಲ; ಒಂದು ತಮಾಷೆಯನ್ನು ಹೂಡಿ ಬಂದ. ಐತಿಹ್ಯವೋ ಇತಿಹಾಸವೋ, ನಮ್ಮ ಜನ ತಮ್ಮ ಅತ್ಯಂತ ಪ್ರೀತಿಯ ದಾಸರ ಮನಃಪರಿವರ್ತನೆಯನ್ನು ನೆನೆಯಲು ಆರಿಸಿಕೊಂಡದ್ದು ನಗೆಯ ಕಥೆಯನ್ನು.

ಅದೇ ದಾಸರು ಹಾಡಿ ಹೊಗಳಿದ ತಿರುಪತಿಯ ತಿಮ್ಮಪ್ಪನ ಸಂಸಾರವೂ ಸಾಮಾನ್ಯರ ಸಂಸಾರಕ್ಕೆ ದೂರವಾದುದಲ್ಲ. ಪದ್ಮಾವತಿಯನ್ನು ಮದುವೆಯಾಗಲು ಅವನು ಕುಬೇರನಲ್ಲಿ ಸಾಲಮಾಡಿದನಂತೆ; ಅದರ ಬಡ್ಡಿಯನ್ನು ಇಂದಿಗೂ ತೀರಿಸುತ್ತಲೇ ಇದ್ದಾನಂತೆ; ನಾವು ಹುಂಡಿಯಲ್ಲಿ ಹಾಕುವ ಕಾಸು ಆ ಲೆಕ್ಕಕ್ಕೆ ಜಮೆಯಾಗುತ್ತದಂತೆ. ಮಗಳ ಮದುವೆಗಾಗಿ ಸಾಲಮಾಡಿ ವರ್ಷಾನುಗಟ್ಟಲೆ ಬಡ್ಡಿ ಕಟ್ಟುತ್ತಿರುವ ಗುಮಾಸ್ತನೊಬ್ಬ ಆ ಸರದಿಯಲ್ಲಿ ನಿಂತಾಗ ಅವನ ಮನಸ್ಸಿನಲ್ಲಿ ಏನು ಹಾದುಹೋಗುತ್ತದೆಂಬುದನ್ನು ಊಹಿಸಿಕೊಳ್ಳಿ. ಲಕ್ಷ್ಮೀಪತಿಗೇ ಹೀಗಾಗಿರುವಾಗ ತನ್ನದೇನು ದೊಡ್ಡದು! ಈ ನಗು ಅವನ ಸಾಲವನ್ನು ಒಂದು ಪೈಸೆಯಷ್ಟೂ ಇಳಿಸುವುದಿಲ್ಲ. ಆದರೆ ಸಾಲದೊಡನೆ ಬರುವ ಒಂಟಿತನವನ್ನೂ ನಾಚಿಕೆಯನ್ನೂ ಇಳಿಸುತ್ತದೆ. ತನ್ನ ಕಷ್ಟದ ಸ್ವರೂಪವನ್ನು ಬಲ್ಲವನೊಬ್ಬನು ಮೇಲೆ ಇದ್ದಾನೆಂದು ತಿಳಿದವನಿಗೆ ಬೆಟ್ಟ ಇಳಿಯುವಾಗ ಹೆಜ್ಜೆ ಹಗುರಾಗಿರುತ್ತದೆ.

ದೇವರಿಗೂ ನಮ್ಮಂಥದೇ ಗೃಹಕೃತ್ಯವನ್ನು ಕಲ್ಪಿಸಿ ನಲಿಯುವ ಈ ಸ್ವಭಾವ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಪುರಿಯ ಜಗನ್ನಾಥಸ್ವಾಮಿ ಜ್ಯೇಷ್ಠ ಹುಣ್ಣಿಮೆಯ ದಿನ ನೂರೆಂಟು ಕೊಡ ನೀರಿನಲ್ಲಿ ಮಿಂದು, ಜ್ವರ ಬಂದು, ಹದಿನೈದು ದಿನ ದರ್ಶನವಿಲ್ಲದೆ ಮಲಗುತ್ತಾನೆ. ಅವನಿಗೆ ಬೇರುಗಳ ಔಷಧಿಯನ್ನು ನೈವೇದ್ಯ ಮಾಡುತ್ತಾರೆ. ಅಣ್ಣ ತಂಗಿಯರೊಡನೆ ರಥವೇರಿ ಹೋದವನು ಮರಳಿ ಬಂದಾಗ, ತನ್ನನ್ನು ಬಿಟ್ಟು ಹೋದನೆಂದು ಮುನಿದ ಲಕ್ಷ್ಮಿ ಬಾಗಿಲನ್ನೇ ಹಾಕಿಸುತ್ತಾಳೆ. ರಸಗುಲ್ಲವನ್ನು ಒಪ್ಪಿಸಿ ಒಲಿಸಿಕೊಂಡ ಮೇಲೆಯೇ ಜಗದ ಒಡೆಯನಿಗೆ ಸ್ವಗೃಹಪ್ರವೇಶ. ಶ್ರೀರಂಗದಲ್ಲಿಯೂ ಪಂಗುನಿಯ ಉತ್ಸವದಲ್ಲಿ ರಂಗನಾಥನಿಗೂ ನಾಚ್ಚಿಯಾರಿಗೂ ಪ್ರಣಯಕಲಹ ನಡೆಯುತ್ತದೆ. ಸಂಧಾನಕ್ಕೆ ಆಳ್ವಾರರೇ ಬರಬೇಕು. ಇವು ಯಾರೋ ನಾಸ್ತಿಕರು ಹಬ್ಬಿಸಿದ ಪರಿಹಾಸಗಳಲ್ಲ. ಮಂತ್ರ ಮೇಳಗಳೊಡನೆ, ಮಡಿಯುಟ್ಟ ಅರ್ಚಕರೇ ನಡೆಸುವ ಸೇವೆಗಳು. ನೋಡುತ್ತ ನಿಂತ ಗಂಡಹೆಂಡಿರು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿ ನಗುತ್ತಾರೆ. ಆ ಬೆಳಗಿನ ಅವರ ಮನೆಯ ಜಗಳವೂ ಅಲ್ಲಿಗೆ ತೀರಿರುತ್ತದೆ.

ಇನ್ನೊಂದು ಬಗೆಯ ನಗುವುಂಟು. ಅದು ನಮ್ಮನ್ನೇ ನೋಡಿ ನಾವು ನಗುವುದು. ದೇವರ ವಿಷಯದಲ್ಲಿ ನಮ್ಮ ನಡತೆ ಅನೇಕ ವೇಳೆ ವ್ಯಾಪಾರಿಯದು. ಮಗನಿಗೆ ಕೆಲಸ ಸಿಕ್ಕಿದರೆ ನೂರೊಂದು ತೆಂಗಿನಕಾಯಿ ಒಡೆಸುವುದಾಗಿ ಹರಕೆ ಹೊರುತ್ತೇವೆ. ಕೆಲಸವೂ ಸಿಕ್ಕುತ್ತದೆ. ಆಮೇಲೆ ಪೇಟೆಗೆ ಹೋಗಿ ಕಾಯಿಯ ಧಾರಣೆಯನ್ನು ವಿಚಾರಿಸಿದಾಗ, ನೂರೊಂದು ಎಂದದ್ದು ಭಾವಾವೇಶದಲ್ಲಿ, ಹನ್ನೊಂದಾದರೂ ದೇವರು ಬೇಸರಪಟ್ಟುಕೊಳ್ಳುವವನಲ್ಲ ಎಂಬ ವೇದಾಂತ ಹೊಳೆಯುತ್ತದೆ. "ಸಂಕಟ ಬಂದಾಗ ವೆಂಕಟರಮಣ" ಎಂಬ ಗಾದೆ ಇಂಥ ನಮ್ಮನ್ನೇ ಕುರಿತದ್ದು. ಅದರಲ್ಲಿ ಚುಚ್ಚು ಇದೆ; ಆದರೆ ಎಷ್ಟು ಮೃದುವಾದ ಚುಚ್ಚು! ಸಂಕಟ ಕಳೆದಮೇಲೆ ನಾವು ಅವನನ್ನು ಮರೆಯುತ್ತೇವೆಂದು ಹೇಳುತ್ತಲೇ, ಮುಂದಿನ ಸಂಕಟದಲ್ಲಿ ಕರೆದರೂ ಅವನು ಬರುತ್ತಾನೆಂಬುದನ್ನು ಅದು ಒಪ್ಪಿಕೊಂಡಿದೆ. ತನ್ನ ಚೌಕಾಸಿಯನ್ನು ಕಂಡು ತಾನೇ ನಗಬಲ್ಲವನಲ್ಲಿ ವ್ಯಾಪಾರದ ಬುದ್ಧಿ ಮೆಲ್ಲಮೆಲ್ಲನೆ ಕರಗಿ ವಿಶ್ವಾಸಕ್ಕೆ ಎಡೆಯಾಗುತ್ತದೆ. ನಗಲಾರದವನು ಮಾತ್ರ ಕೊನೆಯವರೆಗೂ ಲೆಕ್ಕದ ಪುಸ್ತಕವನ್ನು ಹಿಡಿದು, ಕೊಟ್ಟದ್ದೆಷ್ಟು ಬಂದದ್ದೆಷ್ಟು ಎಂದು ದೇವರೊಡನೆ ವ್ಯಾಜ್ಯ ಹೂಡುತ್ತಾನೆ.

ಹಾಗಾದರೆ ಎಲ್ಲ ನಗೆಯೂ ಒಳ್ಳೆಯದೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಚೌತಿಯ ಕಥೆಯಲ್ಲಿದೆ. ಹೊಟ್ಟೆ ಬಿರಿಯೆ ಕಡುಬು ತಿಂದ ಗಣಪತಿ ಇಲಿಯನ್ನೇರಿ ಬರುವಾಗ, ಹಾವಿಗೆ ಹೆದರಿ ಇಲಿ ಮುಗ್ಗರಿಸಿತು, ಸ್ವಾಮಿ ಬಿದ್ದ, ಹೊಟ್ಟೆ ಒಡೆಯಿತು, ಅವನು ಅದೇ ಹಾವನ್ನು ಹಿಡಿದು ಹೊಟ್ಟೆಗೆ ಬಿಗಿದುಕೊಂಡ. ಮೇಲಿನಿಂದ ನೋಡಿದ ಚಂದ್ರ ನಕ್ಕ, ಶಾಪಕ್ಕೆ ಗುರಿಯಾದ. ಆ ರಾತ್ರಿ ಅವನನ್ನು ನೋಡಿದವರಿಗೆಲ್ಲ ಅಪವಾದ ತಪ್ಪದೆಂಬುದು ಶಾಪ. ಸಾಕ್ಷಾತ್ ಶ್ರೀಕೃಷ್ಣನಿಗೂ ಶಮಂತಕಮಣಿಯ ಕಳ್ಳನೆಂಬ ಹೆಸರು ಬಂದಿತು. ವಿಚಿತ್ರವೇನೆಂದರೆ, ಪ್ರತಿವರ್ಷ ಈ ಕಥೆಯನ್ನು ಹೇಳುವಾಗ ಅಜ್ಜಿಯೂ ನಗುತ್ತಾಳೆ, ಕೇಳುವ ಮೊಮ್ಮಕ್ಕಳೂ ಹೊಟ್ಟೆ ಹಿಡಿದುಕೊಂಡು ನಗುತ್ತವೆ, ಯಾರಿಗೂ ಶಾಪ ತಟ್ಟುವುದಿಲ್ಲ. ವ್ಯತ್ಯಾಸವೆಲ್ಲಿ? ಚಂದ್ರ ತನ್ನ ಚೆಲುವಿನ ಸೊಕ್ಕಿನಲ್ಲಿ, ಎತ್ತರದಲ್ಲಿ ನಿಂತು, ಬಿದ್ದವನನ್ನು ನೋಡಿ ನಕ್ಕ. ಮಕ್ಕಳು ಕೈಯಲ್ಲಿ ಕಡುಬನ್ನು ಹಿಡಿದುಕೊಂಡು, ತಮ್ಮ ಹೊಟ್ಟೆಯೂ ಅದೇ ಸ್ಥಿತಿಯಲ್ಲಿರುವಾಗ, ತಮ್ಮವನೊಬ್ಬನ ಪಾಡಿಗೆ ನಗುತ್ತಿವೆ. ಮೇಲಿನಿಂದ ಇಳಿಯುವ ನಗೆಗೂ ಪಕ್ಕದಲ್ಲಿ ಕುಳಿತು ನಗುವ ನಗೆಗೂ ಇರುವ ಅಂತರವನ್ನು ತಿಳಿಸಲು ಇದಕ್ಕಿಂತ ಸೊಗಸಾದ ಕಥೆ ಇನ್ನೊಂದಿರಲಾರದು. ಅನ್ಯರ ನಂಬುಗೆಯನ್ನು ಹೀಯಾಳಿಸುವ ಹಾಸ್ಯಕ್ಕೂ ಈ ಮಾತು ಅನ್ವಯಿಸುತ್ತದೆ.

ಎತ್ತರದವರ ನಗೆಗೆ ಸಿಕ್ಕಿದ ಕೆಳಗಿನವರ ಪರವಾಗಿ ದೇವರು ಏನು ಮಾಡುತ್ತಾನೆಂಬುದನ್ನು ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ತೋರಿಸಿದ್ದಾರೆ. ನರೆದಲೆಗನೆಂಬ ರಾಗಿಗೂ ವ್ರಿಹಿಯೆಂಬ ಭತ್ತಕ್ಕೂ, ಧಾನ್ಯಗಳಲ್ಲಿ ಹೆಚ್ಚಿನವರು ಯಾರೆಂದು ರಾಮನ ಎದುರಿನಲ್ಲಿ ಜಗಳ ಹತ್ತುತ್ತದೆ. ಭತ್ತ ತನ್ನ ಕುಲವನ್ನೂ ಬಿಳುಪನ್ನೂ ಹೇಳಿಕೊಂಡು ರಾಗಿಯನ್ನು ಮೂದಲಿಸುತ್ತದೆ. ರಾಮನ ತೀರ್ಪು ವಿನೋದಮಯವಾದುದು: ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿ ಎಂದುಬಿಟ್ಟ! ಅವಧಿ ಮುಗಿದು ಹೊರಗೆ ತಂದಾಗ ಭತ್ತ ಸತ್ತ್ವಗುಂದಿತ್ತು, ರಾಗಿ ಕೆಡದೆ ಉಳಿದಿತ್ತು. ರಾಘವನೆಂಬ ತನ್ನ ಹೆಸರನ್ನೇ ಸ್ವಾಮಿ ರಾಗಿಗೆ ಕೊಟ್ಟ. ಧಾನ್ಯಗಳ ಬಾಯಿಂದ ವಾಗ್ವಾದ ಮಾಡಿಸುವ ಈ ಕಾವ್ಯವನ್ನು ಓದುವಾಗ ನಗದಿರುವುದು ಕಷ್ಟ. ಆದರೆ ಆ ನಗೆಯ ಅಡಿಯಲ್ಲಿ, ಸಾಲಿನಲ್ಲಿ ಕೊನೆಗೆ ನಿಲ್ಲಿಸಲ್ಪಟ್ಟವರ ಗಾಢವಾದ ಒಂದು ವಿಶ್ವಾಸವಿದೆ: ತೀರ್ಪು ತಡವಾದೀತು, ತಪ್ಪಾಗದು. ಬಡವರ ಮನೆಯ ಮುದ್ದೆಗೆ ದೇವರ ಹೆಸರನ್ನಿಟ್ಟ ಈ ಕಲ್ಪನೆಯಲ್ಲಿ ಹಾಸ್ಯವೂ ನಂಬುಗೆಯೂ ಬೇರೆಬೇರೆಯಾಗಿ ಉಳಿದಿಲ್ಲ.

ಅನುಭಾವಿಗಳು ಇಂಥ ದೃಷ್ಟಿಯನ್ನು ಹುಡುಕಿಕೊಂಡು ಬಹುದೂರ ಹೋದವರಲ್ಲ. ಶಿಗ್ಗಾವಿಯ ಸೀಮೆಯ ಶಿಶುನಾಳ ಶರೀಫಸಾಹೇಬರು, 1819ರಿಂದ 1889ರವರೆಗೆ ಬಾಳಿದವರು, ಗುರು ಗೋವಿಂದಭಟ್ಟರ ಶಿಷ್ಯರು. ಅವರಿಗೆ ಮಳೆಗೆ ಸೋರುವ ಮನೆಯ ಮಾಳಿಗೆಯೇ ತತ್ತ್ವವಾಯಿತು. ಹಳ್ಳಿಯ ಕೋಳಿ, ಕೋಡಗ, ರೊಟ್ಟಿ, ಬುಟ್ಟಿಗಳೆಲ್ಲ ಪದಗಳಾದವು. ಮಾಳಿಗೆ ಸೋರಿದಾಗ ನಾವು ಮಾಡುವುದೇನು? ಪಾತ್ರೆಯನ್ನಿಟ್ಟು, ಮೇಸ್ತ್ರಿಯನ್ನು ಬೈದು, ಮನೆಯವರ ಮೇಲೆ ರೇಗುತ್ತೇವೆ. ಪಾತ್ರೆಯನ್ನಿಡುವುದು ಅಗತ್ಯವೇ, ಉಳಿದ ಎರಡರ ಬದಲು ಒಂದು ನಗೆಗೆ ಅವಕಾಶವಿದೆಯೇ ಎಂಬುದು ಪ್ರಶ್ನೆ. ನೆಂಟರು ಬರುವ ದಿನವೇ ಗ್ಯಾಸು ಮುಗಿಯುತ್ತದೆ; ಛತ್ರಿಯನ್ನು ಮನೆಯಲ್ಲಿ ಬಿಟ್ಟ ದಿನವೇ ಮಳೆ ಬರುತ್ತದೆ; ನಾವು ಒಂದು ಸಾಲನ್ನು ಬಿಟ್ಟು ಇನ್ನೊಂದರಲ್ಲಿ ನಿಂತೊಡನೆ ಬಿಟ್ಟ ಸಾಲು ಸರಾಗವಾಗಿ ಮುಂದೆ ಸಾಗುತ್ತದೆ. ಇವನ್ನೆಲ್ಲ ಯಾರೋ ನಮ್ಮ ವಿರುದ್ಧ ಹೂಡಿದ ಒಳಸಂಚೆಂದು ತಿಳಿದರೆ ರಕ್ತದ ಒತ್ತಡವೇರುತ್ತದೆ. ನಮ್ಮನ್ನು ಬಲ್ಲವನೊಬ್ಬ ನಮ್ಮೊಡನೆ ಆಡುತ್ತಿರುವ ಸರಸವೆಂದು ತಿಳಿದರೆ ಛತ್ರಿಯಿಲ್ಲದೆಯೂ ಮನೆ ಸೇರಬಹುದು.

ಇಲ್ಲಿಯವರೆಗೆ ನಾನು ಹೇಳಿದ್ದು ಸಣ್ಣ ಕಷ್ಟಗಳ ಮಾತು. ದೊಡ್ಡ ದುಃಖದ ಮುಂದೆ ಈ ಮಾತುಗಳ ಬೆಲೆಯೇನು? ಮಗುವನ್ನು ಕಳೆದುಕೊಂಡ ತಾಯಿಯೆದುರಿಗೆ, ವಾಸಿಯಾಗದ ಕಾಯಿಲೆಯ ಹಾಸಿಗೆಯ ಬಳಿಯಲ್ಲಿ, "ಎಲ್ಲವೂ ಅವನ ಲೀಲೆ, ನಗುನಗುತ್ತಿರಿ" ಎಂದು ಬೋಧಿಸುವುದು ಕ್ರೌರ್ಯ. ಅಲ್ಲಿ ನಮಗೆ ಉಚಿತವಾದುದು ಮೌನ, ಹಾಗೂ ಒಂದು ಲೋಟ ಕಾಫಿ ಮಾಡಿ ತಂದುಕೊಡುವಂಥ ಕೆಲಸ. ನಗುವ ಹಕ್ಕು ನೊಂದವರದು, ಪಕ್ಕದವರದಲ್ಲ. ಆದರೆ ಆಶ್ಚರ್ಯವೆಂದರೆ, ನೊಂದವರು ಆ ಹಕ್ಕನ್ನು ಚಲಾಯಿಸುವುದುಂಟು. ತನಗಿಂತ ಕಿರಿಯರಾದವರನ್ನು ಒಬ್ಬೊಬ್ಬರನ್ನಾಗಿ ಕಳಿಸಿಕೊಟ್ಟು ಹಾಸಿಗೆ ಹಿಡಿದ ಮುದುಕಿ, "ಚಿತ್ರಗುಪ್ತನಿಗೂ ವಯಸ್ಸಾಯಿತು, ನನ್ನ ಪುಟ ಎಲ್ಲಿದೆಯೆಂದು ಮರೆತಿದ್ದಾನೆ" ಎನ್ನುವುದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಆ ಮಾತಿಗೆ ನಕ್ಕವರ ಕಣ್ಣು ಒದ್ದೆಯಾಗಿರುತ್ತದೆ. ಅವಳ ದುಃಖ ಕಡಿಮೆಯಾಗಿದೆಯೆಂದು ಯಾರೂ ತಿಳಿಯುವುದಿಲ್ಲ. ಆ ದುಃಖವನ್ನು ಇಳಿಸಿಡಲು ಅವಳಿಗೊಂದು ಕಟ್ಟೆ ಸಿಕ್ಕಿದೆಯೆಂದು ಮಾತ್ರ ತಿಳಿಯುತ್ತದೆ.

ಡಿ.ವಿ.ಜಿ.ಯವರನ್ನು ಇಲ್ಲಿ ನೆನೆಯಬೇಕು. ಪತ್ನಿಯನ್ನು ಅಕಾಲದಲ್ಲಿ ಕಳೆದುಕೊಂಡು, ಮತ್ತೆ ಮದುವೆಯಾಗದೆ, 1975ರವರೆಗೆ ದೀರ್ಘಕಾಲ ಬಾಳಿದ ಅವರು 1943ರಲ್ಲಿ ಒಂದು ತತ್ತ್ವಕಾವ್ಯವನ್ನು ಕೊಟ್ಟರು. ಅದಕ್ಕೆ ಅವರಿಟ್ಟ ಹೆಸರು 'ಮಂಕುತಿಮ್ಮನ ಕಗ್ಗ'. ಕಗ್ಗವೆಂದರೆ ಅರ್ಥವಿಲ್ಲದ ಹರಟೆ. ಅದನ್ನು ಹೇಳುವವನು ಮಂಕು ತಿಮ್ಮ. ಸೃಷ್ಟಿಯ ರಹಸ್ಯವನ್ನೂ ದೇವರ ಇರುವಿಕೆಯನ್ನೂ ಕುರಿತು ಕಟುವಾದ ಸಂದೇಹಗಳನ್ನು ಕೂಡ ಮುಚ್ಚಿಡದೆ ಎತ್ತುವ ಗ್ರಂಥಕ್ಕೆ ಇಂಥ ಹೆಸರು! ವಿದ್ವಾಂಸರಾದ ಒಬ್ಬರು ತಮ್ಮನ್ನು ಮಂಕನೆಂದು ಕರೆದುಕೊಂಡು ನಗುವಾಗ, ಉತ್ತರವೆಲ್ಲ ತಮಗೆ ತಿಳಿದಿದೆಯೆಂಬ ಹಟವನ್ನು ಅವರು ಬಿಟ್ಟಿದ್ದಾರೆ. ಉತ್ತರ ತಿಳಿಯದೆಯೂ ಬಾಳನ್ನು ಒಪ್ಪಿಕೊಳ್ಳುವ ಶಕ್ತಿಗೆ ನಂಬುಗೆಯೆಂದು ಹೆಸರು. ತಿಳಿದಮೇಲೆ ಒಪ್ಪುವುದಕ್ಕೆ ನಂಬುಗೆ ಏತಕ್ಕೆ ಬೇಕು?

ನಂಬುಗೆಯೆಂದರೆ ಕೈಕಟ್ಟಿ ಕೂರುವುದೆಂಬ ಆಕ್ಷೇಪವೂ ಉಂಟು. ಇದಕ್ಕೆ ಉತ್ತರ ಕೊಡಬಲ್ಲವನು ನಮ್ಮ ಬಯಲುಸೀಮೆಯ ಒಕ್ಕಲಿಗ. ಎರಡು ಮಳೆ ಕೈಕೊಟ್ಟಮೇಲೆ ಅವನು ಹೊಲದ ಬದುವಿನಲ್ಲಿ ನಿಂತು ಆಕಾಶವನ್ನು ನೋಡಿ, "ಮೇಲಿನವನಿಗೆ ನಮ್ಮೂರ ದಾರಿ ತಪ್ಪಿದಂತಿದೆ" ಎನ್ನುತ್ತಾನೆ. ಆ ಮಾತಿನಲ್ಲಿ ನೋವಿದೆ, ದೂರಿದೆ, ಒಂದಿಷ್ಟು ಸಲಿಗೆಯೂ ಇದೆ. ಹಾಗೆಂದವನು ಮನೆಗೆ ಹೋಗಿ ಮಲಗುವುದಿಲ್ಲ. ಮೋಡ ಕಟ್ಟಿದ ದಿನ, ಉಳಿದಿದ್ದ ಬೀಜವನ್ನು ಹೊರತೆಗೆದು ಮತ್ತೆ ಕೂರಿಗೆ ಹೂಡುತ್ತಾನೆ. ಆ ಬೀಜವನ್ನು ಅವನು ಮಾರಿಕೊಳ್ಳಬಹುದಾಗಿತ್ತು, ಬೇಯಿಸಿಕೊಂಡು ಉಣ್ಣಬಹುದಾಗಿತ್ತು. ಮಣ್ಣಿನೊಳಗೆ ಹಾಕಿದ. ಅವನು ನಂಬಿದ್ದಾನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ದೇವರನ್ನು ಆಡಿಕೊಂಡ ಬಾಯಿಯೂ ಬೀಜ ಬಿತ್ತಿದ ಕೈಯೂ ಒಬ್ಬನವೇ ಎಂಬುದನ್ನು ನಾವು ಮರೆಯಬಾರದು. ಮಳೆ ಈ ಸಲವೂ ತಪ್ಪಬಹುದು. ತಪ್ಪಿದರೆ ಅವನಿಗೆ ನಷ್ಟವಾಗುತ್ತದೆ. ನಗೆಯಿಂದ ಆ ನಷ್ಟ ತುಂಬುವುದಿಲ್ಲ. ಆದರೆ ಬಿತ್ತುವ ಧೈರ್ಯವನ್ನೇ ಕಳೆದುಕೊಂಡವನಿಗೆ ಬಂದ ಮಳೆಯಿಂದಲೂ ಪ್ರಯೋಜನವಿಲ್ಲ.

ಆದುದರಿಂದ ದೇವರ ಮನೆಯಲ್ಲಿ ಮಕ್ಕಳು ನಕ್ಕರೆ ನಾವು ಅಷ್ಟಾಗಿ ಗದರಬೇಕಾಗಿಲ್ಲವೆಂದು ತೋರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ನಾವು ದೇವರಲ್ಲಿ ಬೇಡಿಕೆಗಳ ಪಟ್ಟಿಯನ್ನು ಒಪ್ಪಿಸುವುದು ಇದ್ದೇ ಇದೆ. ಅದರ ಜೊತೆಗೆ ಆ ದಿನ ನಮ್ಮನ್ನು ಪೇಚಿಗೆ ಸಿಕ್ಕಿಸಿದ ಒಂದು ಪ್ರಸಂಗವನ್ನು, ತವರಿಗೆ ಬಂದ ಮಗಳು ತಂದೆಯೆದುರು ಹೇಳಿಕೊಳ್ಳುವಂತೆ, ಹೇಳಿಕೊಂಡು ನೋಡಬಹುದು. ಮೊದಮೊದಲು ಸಂಕೋಚವಾದೀತು. ಕೆಲವು ದಿನಗಳ ಮೇಲೆ, ಹೇಳುತ್ತಿರುವಾಗಲೇ ತುಟಿಯಂಚಿನಲ್ಲಿ ಭರತಮುನಿ ಹೇಳಿದ ಸ್ಮಿತ ಮೂಡಿದರೆ, ನಾವು ಎದುರಿಗಿರುವವನನ್ನು ಹೆದರಿಕೆಯಿಂದ ಪೂಜಿಸುವುದನ್ನು ಬಿಟ್ಟು ನಂಬಿಕೊಳ್ಳಲು ಆರಂಭಿಸಿದ್ದೇವೆಂದು ತಿಳಿಯಬಹುದು. ದೀಪಕ್ಕೆ ಇನ್ನೊಂದು ಹನಿ ಎಣ್ಣೆ ಹಾಕಿ ನಾಳೆಯ ಕೆಲಸಕ್ಕೆ ಏಳಲು ಅಷ್ಟು ಸಾಕು.